ಸೀರೆಯುದ್ದದ ಭೂಮಿ

…ಇಲ್ಲ, ಚಾ ಬೇಡ, ನೀನು ಕೂತ್ಕೋ. ಅಮ್ಮನಿಗೂ ಬೇಡ ಅಂತ ಹೇಳಿದೆ. ಅವರು ನಳದ ಹತ್ತಿರ ಕೊಡ ಹಿಡ್ಕೊಂಡು ನಿಂತಿದ್ದಾರೆ, ನೀರು ಬರುವ ಹೊತ್ತಂತೆ. ನಿಧಾನಕ್ಕೆ ಬರಲಿ. ನನಗೂ ನಿನ್ನ ಹತ್ತಿರವೇ ಮಾತಾಡ್ಬೇಕಿತ್ತು, ಮಲ್ಲಿಕಾ.

ಯಾಕೆ ಗೋಡೆ ಕಡೆ ತಿರುಗಿದ್ದು? ಟೀಚರ್ ಮನೆಗೆ ಬಂದ್ರೆ ಹೀಗಾ… ಸರಿ, ತಿರುಗಿಯೇ ಕೂತ್ಕೋ. ಕೇಳಿಸ್ತದಲ್ಲ, ಸಾಕು.

ಭಾನುವಾರ ಈ ನಳಿನಾಕ್ಷಿ ಟೀಚರ್ ಡೊಂಬಿವಲಿ ಬಿಟ್ಟು ಹೊರಗೆ ಬೀಳುವವಳೇ ಅಲ್ಲ. ವಾರ ಪೂರ್ತಿ ಲೋಕಲ್‌ನಲ್ಲಿ ನೇತಾಡಿ ಠಾಣೆಗೆ ಬಂದು, ಅಲ್ಲಿ ಗಾಡಿ ಬದಲಿಸಿ ತುರ್ಭೆಗೆ… ಒಂದು ದಿನವಾದ್ರೂ ಸೊಂಟ ನೆಟ್ಟಗಿರಲಿ ಅಂತ ಮಲಗ್ತೇನೆ. ಇವತ್ತು ಬಂದೆ. ಯಾಕೆ ಅಂತ ನೀನು ಕೇಳುದಿಲ್ಲ, ನಾನೇ ಹೇಳ್ತೇನೆ. ಎಕ್ಸಿಬಿಷನ್ ದಿನದಿಂದ ನಿನ್ನ ಜಾಗ ಖಾಲಿ ಉಂಟು. ಹತ್ತನೇ ಕ್ಲಾಸು, ಪ್ರಿಲಿಮ್ಸ್ ಹತ್ತಿರ ಬಂತು. ದಾರಿಯಲ್ಲಿ ನಿನ್ನಪ್ಪ ಸಿಕ್ಕಿದ್ರು, ಹೆಗಲ ಮೇಲೆ ಹಮಾಲಿಯ ಟವೆಲ್ಲು. "ಮಾರ್ಕೆಟ್‌ನಾಗ ಬಳ್ಳೊಳ್ಳಿ ಸುಲಿಯೋ ಕೆಲ್ಸಕ್ಕ ಹಚ್ತೀವ್ರೀ ಟೀಚರ್, ಅಕಿಗಿ ಸಾಲಿ ಬ್ಯಾಡಾಗ್ಯಾದ" ಅಂದ್ರು. ಹೌದಾ? ಶಾಲೆ ಬೇಡ ಅಂತ ನೀನೇ ಹೇಳಿದ್ದಾ?

ಮಾತಾಡು ಮಾರಾಯ್ತಿ.

ನೋಡು, ಆದದ್ದು ಆಯ್ತು. ನಿನ್ನ ಮಾಡೆಲ್ ಚೆನ್ನಾಗಿರಲಿಲ್ಲ ಅಂತ ಯಾರೂ ಹೇಳಲಿಲ್ಲ. ಬೇರೆ ಮಕ್ಕಳದ್ದೆಲ್ಲ ಥರ್ಮಾಕೋಲಿನ ಜ್ವಾಲಾಮುಖಿ, ಬಲ್ಬು ಉರಿಯುವ ಗಾಳಿಯಂತ್ರ. ನೀನು ಅಮ್ಮನ ಹಳೇ ಸೀರೆ ತಂದು ಕಾರಿಡಾರ್ ಗೋಡೆಗೆ ಉದ್ದಕ್ಕೆ ಕಟ್ಟಿದ್ದೆ. ಇಡೀ ಸೀರೆ ಭೂಮಿಯ ಆಯುಸ್ಸು. ಶುರುವಿನ ತುದಿಗೆ ಕೆಂಪು ಬಣ್ಣ, ಎಲ್ಲ ಕರಗಿ ಕುದಿಯುತ್ತಿದ್ದ ಕಾಲ. ಆಮೇಲೆ ನೀಲಿ, ಮುಗಿಯದ ಮಳೆ ಸುರಿದು ಸಮುದ್ರ ಆದದ್ದು. ಆಮೇಲೆ ಸಮುದ್ರದ ನೀರು ಒಳನುಗ್ಗುವ ಖಾಡಿಯ ಕರಿ ಕೆಸರು ಮೆತ್ತಿ ಅದರ ಮೇಲೆ ಒಂದು ಹಸಿರು ಚುಕ್ಕೆ… ಮೊದಲ ಜೀವ, ಬರೀ ಕಣ್ಣಿಗೆ ಕಾಣದ್ದು. ಅಲ್ಲಿಂದ ಮುಂದೆ ಗಜಗಟ್ಟಲೆ ಅಂಥದ್ದೇ ಸಣ್ಣ ಜೀವ, ಅದೇ ಪಾಚಿ, ಅದೇ ಪಾಚಿ. ಮೀನು, ಜರಿಗಿಡ, ಡೈನೋಸಾರ್ ಎಲ್ಲ ಕೊನೆಯ ಒಂದೂವರೆ ಮೊಳದಲ್ಲಿ. ಮನುಷ್ಯ ಎಲ್ಲಿ ಅಂತ ಕೇಳಿದವರಿಗೆ ಸೆರಗಿನ ಅಂಚಿನಿಂದ ಒಂದು ನೂಲು ಎಳೆದು ತೋರಿಸ್ತಿದ್ದೆ, "ಇದೇ, ನಾವೆಲ್ಲ ಇದರೊಳಗೆ" ಅಂತ. ಇಷ್ಟು ವರ್ಷದ ಪಾಠದಲ್ಲಿ ಅಷ್ಟು ಚೆಂದ ನನಗೇ ಹೇಳ್ಲಿಕ್ಕೆ ಬಂದದ್ದಿಲ್ಲ.

ಆದ್ರೆ ಆ ಒಂದು ಮಾತು… ಟ್ರಸ್ಟಿನ ಕಾರ್ಯದರ್ಶಿ ನಗುತ್ತಲೇ ಕೇಳಿದ್ದು. "ಏನಮ್ಮಾ, ಇಷ್ಟುದ್ದ ಸೀರೆಯಲ್ಲಿ ದೇವರು ಎಲ್ಲಿದ್ದಾನೆ?" ಗೊತ್ತಿಲ್ಲ ಸರ್ ಅಂದಿದ್ರೆ ಮುಗೀತಿತ್ತು. ನೀನೇನಂದೆ? "ಇದ್ದಿರಬಹುದು ಸರ್, ಆದ್ರೆ ಇಷ್ಟೂ ಕಾಲ ಅವನಿಗೆ ಕೈಮುಗಿಯೋರು ಯಾರೂ ಇರಲಿಲ್ಲ, ಪಾಚಿಗೆ ಕೈಯಿಲ್ಲ." ಅತಿಥಿಗಳೆಲ್ಲ ಹೋ ಅಂತ ನಕ್ಕುಬಿಟ್ರು. ಅವರು ನಕ್ಕದ್ದೇ ಎಡವಟ್ಟಾಯ್ತು. ಶಾಲೆಗೆ ಕಟ್ಟಡ ಕಟ್ಟಿಸಿಕೊಟ್ಟ ಮನುಷ್ಯ, ಎಲ್ಲರೆದುರು ಮುಖ ಕಪ್ಪಿಟ್ಟುಹೋಯ್ತು. "ಇಂಥ ಮಾತು ಯಾರು ಕಲಿಸಿದ್ದು?" ಅಂದ್ರು. ನೀನು ತಲೆ ತಗ್ಗಿಸಿ ನಿಂತೆ. ನಾನು ಮುಂದೆ ಬಂದು, ಮೊಬೈಲಲ್ಲಿ ಏನೋ ನೋಡಿರ್ಬೇಕು ಸರ್, ಈಗಿನ ಮಕ್ಕಳು ಅಂದೆ. ನಿನ್ನನ್ನು ಕಾಪಾಡ್ಲಿಕ್ಕೇ ಅಂದದ್ದು.

ಯಾಕೆ ನಗ್ತಿ? …ನಕ್ಕ ಹಾಗೆ ಕೇಳಿಸ್ತು. ಸರಿ, ಇಲ್ಲ.

ಕ್ಷಮೆ ಕೇಳು ಅಂದದ್ದೂ ಅದಕ್ಕೇ. ಮೈಕಿನಲ್ಲಿ ಕೇಳ್ಬೇಕು ಅಂದದ್ದು ಹೆಡ್‌ಮೇಡಂ, ನಾನಲ್ಲ. ನಾನು ನಿನ್ನ ರಟ್ಟೆ ಹಿಡಿದು ಮೈಕಿನ ತನಕ ಕರ್ಕೊಂಡು ಹೋದದ್ದು ಮಾತ್ರ. ಗಟ್ಟಿ ಹಿಡಿದೆನಾ? ಬಳೆ ಒಡೆದದ್ದು ನನಗೆ ಗೊತ್ತಾಗ್ಲಿಲ್ಲ. ಈಗ ಅಮ್ಮ ಹೇಳಿದ್ರು. ಸೀರೆ… ಸೀರೆಯನ್ನು ಜವಾನ ಬಿಚ್ಚಿದ್ದು…

ಅಲ್ಲ. ನಾನು ಬಿಚ್ಚಿದ್ದು. ಅವನು ಸ್ಟೂಲು ಹತ್ತಲಿಕ್ಕೆ ಹಿಂಜರಿದ, ನಾನೇ ಕೆಳಗಿಂದ ಎಳೆದೆ. ಮೊಳೆಗೆ ಸಿಕ್ಕಿ ಹರೀತು. ನೀನು ಮೈಕಿನಲ್ಲಿ ತಪ್ಪಾಯ್ತು, ಮೊಬೈಲ್ ನೋಡಿ ಹೇಳಿದೆ ಅಂದು ಅಲ್ಲೇ ನಿಂತು ನೋಡ್ತಿದ್ದೆ.

ಅಮ್ಮನಿಗೆ ನಾವು ಮಾತಾಡುದು ಕೇಳಿಸ್ತದಾ? ಬಾಗಿಲಲ್ಲೇ ನನಗೆ ಹೇಳಿದ್ರು, "ಅಕಿಗಿ ಭಾಳ ಹೊಡ್ದೀನ್ರೀ ಟೀಚರ್. ದೇವ್ರ ಬಗ್ಗೆ ಹಂಗ ಮಾತಾಡಿ ಮಾನಾ ಕಳದಾಳ. ಯಾರಿಂದ ಕಲ್ತಿ ಅಂದ್ರ ಬಾಯೇ ಬಿಡವಲ್ಲಳು." ನಾನು ಏನಂದೆ ಗೊತ್ತುಂಟಾ? "ನಾನು ಬುದ್ಧಿ ಹೇಳ್ತೇನೆ ಮರಗಮ್ಮ, ನೀವು ಚಿಂತೆ ಮಾಡ್ಬೇಡಿ" ಅಂದೆ.

ಹಾಂ, ಅದಕ್ಕೇ ಬಂದದ್ದು. ನಾಳೆ ಪ್ರಾರ್ಥನೆಯ ಹೊತ್ತಿಗೆ ಬಾ. ಹೆಡ್‌ಮೇಡಂ ಎದುರು ಇನ್ನೊಂದು ಸಲ, ತಪ್ಪಾಯ್ತು, ಮೊಬೈಲ್ ನೋಡಿ ಹೇಳಿದೆ ಅಂತ ಹೇಳಿಬಿಡು. ಅಷ್ಟೇ. ಆಮೇಲೆ ನೀನುಂಟು, ನಿನ್ನ ಪರೀಕ್ಷೆ ಉಂಟು. ಯಾರು ಕಲಿಸಿದ್ದು ಅಂತ ಕೇಳುದನ್ನೂ ಅವರು ನಿಲ್ಲಿಸ್ತಾರೆ. ನಾನು ಸೇರಿದಾಗಿನಿಂದ ಕಾಂಟ್ರಾಕ್ಟ್ ಟೀಚರ್, ಈ ಸಲ ಕಾಯಂ ಮಾಡ್ತೇವೆ ಅಂತಿದ್ದಾರೆ, ಇಂಥ ಹೊತ್ತಲ್ಲೇ ಈ ಗಲಾಟೆ… ಇದೆಲ್ಲ ನಿನಗೆ ಯಾಕೆ, ಬಿಡು.

ತಿರುಗಿದ್ಯಾ. ಒಳ್ಳೇದಾಯ್ತು.

ಹಾಗೆ ನೋಡ್ಬೇಡ ಮಲ್ಲಿಕಾ. ಏನಾದ್ರೂ ಹೇಳು. ಬೇಕಾದ್ರೆ ಬೈಯಿ… ಆವತ್ತೂ ಹೀಗೇ ನೋಡಿದ್ದೆ. ತಲೆ ತಗ್ಗಿಸುವ ಮೊದಲು, ಒಂದೇ ಸಲ. ಕಾರ್ಯದರ್ಶಿ "ಯಾರು ಕಲಿಸಿದ್ದು?" ಅಂದಾಗ ನೀನು ನನ್ನ ಕಡೆ ನೋಡಿದೆ, ನಾನು ಸೆರಗು ಸರಿಮಾಡ್ತಾ ನಿಂತೆ.

ಆ ಮಾತು ನನ್ನದು.

ಐರೋಲಿ ಖಾಡಿಯ ದಂಡೆಯಲ್ಲಿ ನಿಮ್ಮನ್ನೆಲ್ಲ ನಿಲ್ಲಿಸಿ ಹೇಳಿದ್ದು. ಕೊಳೆತ ಮೊಟ್ಟೆ ವಾಸನೆ ಅಂತ ಎಲ್ಲರೂ ಮೂಗು ಮುಚ್ಚಿದ್ರಿ. ನಾನು ಕೆಸರಿನ ಮೇಲಿನ ಹಸಿರು ಪೊರೆಯನ್ನು ಬೆರಳಲ್ಲಿ ಎತ್ತಿ, ಇಂಥದ್ದೇ ಜೀವಗಳು ಕೋಟಿ ಕೋಟಿ ವರ್ಷ ಉಸಿರು ಬಿಟ್ಟು ಬಿಟ್ಟು ನಿಮಗೆ ಈ ಗಾಳಿ ಮಾಡಿಕೊಟ್ಟದ್ದು, ಮೂಗು ಮುಚ್ಚಬೇಡಿ ಅಂದೆ. ಆಗ ಯಾರೋ ದೇವರ ವಿಷಯ ಕೇಳಿದ್ರು. ನಾನು ನಗ್ತಾ ಹೇಳಿದೆ, ಪಾಚಿಗೆ ಕೈಯಿಲ್ಲ ಅಂತ. ನೀವೆಲ್ಲ ನಕ್ಕಿರಿ. ವಾಪಸ್ ಬರುವಾಗ ಬಸ್ಸಿನಲ್ಲಿ ನನಗೆ ನನ್ನ ಬಗ್ಗೆಯೇ ಎಷ್ಟು ಖುಷಿ.

ಇಡೀ ಕ್ಲಾಸಿಗೆ ಗೊತ್ತುಂಟು. ಕಾರಿಡಾರ್‌ನಲ್ಲಿ ಅಷ್ಟೂ ಮಕ್ಕಳು ಇದ್ರು, ಒಬ್ಬರೂ ಬಾಯಿ ಬಿಡಲಿಲ್ಲ. ಈಗ ನಾನು ಬೋರ್ಡಿಗೆ ಮುಖ ಮಾಡಿಯೇ ಪಾಠ ಮುಗಿಸ್ತೇನೆ. ಯಾರೂ ಪ್ರಶ್ನೆ ಕೇಳುದಿಲ್ಲ. ಮೊದಲು ಎಷ್ಟು ಕೇಳ್ತಿದ್ರು.

ಅಮ್ಮ ಹೊಡೆದಾಗಲೂ ನೀನು ನನ್ನ ಹೆಸರು ಎತ್ತಲಿಲ್ಲ. ಯಾಕೆ? ಟೀಚರ್‌ನ ಕೆಲಸ ಹೋಗ್ತದೆ ಅಂತಲಾ? ನಾನಾಗಿಯೇ ಹೇಳ್ತೇನೆ ಅಂತ ಕಾದೆಯಾ?

…ಕಾದೆ. ಅಲ್ವಾ? ಇವತ್ತು ಬಾಗಿಲಲ್ಲಿ ನನ್ನನ್ನು ಕಂಡಾಗಲೂ ಟೀಚರ್ ಅದಕ್ಕೇ ಬಂದದ್ದು ಅಂತ ನೀನು ಅಂದ್ಕೊಂಡೆ. ನಾನು ಬಂದದ್ದು ನಿನ್ನ ಹತ್ತಿರ ಇನ್ನೊಂದು ಸಲ ಸುಳ್ಳು ಹೇಳಿಸ್ಲಿಕ್ಕೆ.

ಅಳ್ಬೇಡ. ಕೈ ಹಿಂದೆ ಎಳ್ಕೊಳ್ಬೇಡ, ಆಯ್ತು, ಮುಟ್ಟುದಿಲ್ಲ.

ನಾಳೆ ಶಾಲೆಯಲ್ಲಿ ಬಾಯಿ ಬರ್ತದೋ ಇಲ್ಲವೋ, ನನಗೆ ಗೊತ್ತಿಲ್ಲ. ನಿನಗೆ ಮಾತು ಕೊಡ್ಲಿಕ್ಕೂ ಈಗ ನಾಚಿಕೆ. ಇಲ್ಲಿ ಹೇಳ್ತೇನೆ, ಮೊದಲು ಇಲ್ಲಿ.

ಮರಗಮ್ಮ… ಮರಗಮ್ಮ, ಕೊಡ ಅಲ್ಲೇ ಇರಲಿ, ಸ್ವಲ್ಪ ಒಳಗೆ ಬನ್ನಿ. ಇಲ್ಲ, ಅವಳು ಈಗಲೂ ಏನೂ ಹೇಳಲಿಲ್ಲ. ನಾನು ಹೇಳ್ಬೇಕಾದದ್ದು ಉಂಟು. ಕೂತ್ಕೊಳ್ಳಿ. ಅವಳ ಪಕ್ಕದಲ್ಲಿ ಕೂತ್ಕೊಳ್ಳಿ.