ಎರಡು ಪಿನ್ನಿನ ವಾಕಿಟಾಕಿ

ಆ ಸೆಟ್ಟು ಬ್ಯಾಡೋ ಮುನಾಫ, ಅದಕ್ಕ ಒಂದೇ ತೂತು ಐತಿ! ಎರಡು ಪಿನ್ನಿಂದು ತೆಗಿ. ನನ್ನ ಹೆಡ್‌ಸೆಟ್ಟಿನ ವೈರಿಗೆ ಎರಡು ಪಿನ್ ಅದಾವ, ನೋಡಿಲ್ಲೆ... ಯಾಕ ನಗತಿ? ಮಿಲಿಟರಿ ನಮೂನಿ ಸಾಮಾನಪಾ ಇದು! ಕಂಡ ಕಂಡ ಸೆಟ್ಟಿಗೆ ಕೂಡೂದಿಲ್ಲ. ಎರಡೂ ಕಿವಿ ಮುಚ್ಚತೈತಿ, ಬಾಯಿ ಮುಂದ ಮೈಕು, ಎದಿ ಮ್ಯಾಲೆ ಮಾತಾಡಾಕ ಒತ್ತೋ ಇಷ್ಟು ದೊಡ್ಡ ಬಟನ್ನು. ರಿಟೈರ್ ಆದ ಮನಷ್ಯಾ ಇದನ್ನ ಹಾಕ್ಕೊಂಡ್ರ ಹತ್ತು ವರ್ಷ ಸಣ್ಣಾವ ಆಗತಾನ, ಖರೇ ಹೇಳತೇನಿ!

ಲೈಸನ್ಸ್ ಬ್ಯಾಡಾದ ಸೆಟ್ಟೇ ಇರಲಿ. ನಾವೇನು ಪೊಲೀಸರೇನು? ಜಿಂಕಿ ಕಾಯೋ ಮುದುಕರು. ಅಡವ್ಯಾಗ ಬೆಂಕಿ ಬಿದ್ದರ ಒಬ್ಬರಿಗೊಬ್ಬರು ಹೇಳಿದರಾತು.

ಹಳೇದಕ್ಕ ಏನಾಗೈತಿ ಅಂದ್ರ... ಕೆಟ್ಟೈತಿ. ನೀನೇ ಮಾರಿದ್ದು, ಆದ್ರೂ ನಿನ್ನ ಮ್ಯಾಲೆ ಸಿಟ್ಟಿಲ್ಲ ನಂಗ. ಮನ್ನೆ ಕುಪ್ಪೇಲೂರ ಕಡೆ ಹುಲ್ಲಿಗೆ ಬೆಂಕಿ ಹತ್ತಿದಾಗ ನಿಮ್ಮಪ್ಪ ಮಕ್ತುಮಸಾಬ ತಗ್ಗಿನ್ಯಾಗ, ನಾ ದಿಬ್ಬದ ಮ್ಯಾಲೆ. ಗಾಳಿ ತಿರುಗಿತು. ಯಾ ಕಡೆ ಓಡಲಿ ಅಂತ ಕೂಗ್ಯಾನ, ಕೂಗ್ಯಾನ... ನನ್ನ ಸೆಟ್ಟಿಗೆ ಒಂದು ಮಾತೂ ಬರಲಿಲ್ಲ. ಈಗ ಹಾವೇರಿ ದವಾಖಾನ್ಯಾಗ ಎರಡೂ ಕಾಲಿಗೆ ಪಟ್ಟಿ ಕಟ್ಟಿಸ್ಕೊಂಡು ಮಲಗ್ಯಾನ, ನನ್ನ ಜೀವದ ಗೆಳ್ಯಾ.

ನಾಳೆ ನಮ್ಮ ಜಿಂಕಿ ಕಾಯೋ ತಂಡದವರೆಲ್ಲಾ ಕೂಡಿ, ಯಾಕ ಉತ್ತರ ಕೊಡಲಿಲ್ಲ ಅಂತ ನನ್ನ ಕೇಳತಾರ. ಸೆಟ್ಟು ಕೆಟ್ಟಿತ್ತು ಅಂತ ಒಂದು ಚೀಟಿ ಬರದು ಕೊಡು, ಸಾಕು. ಇಲ್ಲಂದ್ರ ನನ್ನ ತಂಡದಿಂದ ತಗದು ಬಿಡತಾರೋ.

ಯಾಕ, ಬರಿಯಂಗಿಲ್ಲೇನು? ಬ್ಯಾಡಗಿ ಕಾಲೇಜಿನ್ಯಾಗ ಮೂವತ್ತೊಂದು ವರ್ಷ ಫಿಸಿಕ್ಸ್ ಕಲಿಸೇನಿ, ಸೆಟ್ಟು ಕೆಟ್ಟದ್ದು ನಂಗ ತಿಳಿಯೂದಿಲ್ಲ?... ಹಂಗ ನೋಡಬ್ಯಾಡ. ನಮ್ಮ ತಂಡದ ಗುಡದಪ್ಪ ಬಂದಿದ್ದನೇನು ಇಲ್ಲಿ? ಅವತ್ತ ಆ ಕಡೆ ಬೇಲಿ ಹತ್ರ ಅಂವ ಒಬ್ಬನೇ ಇದ್ದ, ಅವನ ಕೈಯಾಗೂ ಒಂದು ಸೆಟ್ಟಿತ್ತು... ಏನು ಹೇಳಿದ? ಹಳೇ ಸೆಟ್ಟು ಯಾಕ ಕೈಯಾಗ ತಗೊಂಡಿ?

ಚೆಕ್ ಮಾಡತಿ? ಮಾಡು, ಮಾಡು. ನನಗೇನು ಅಂಜಿಕಿ? ಹಳೇದು ನಂಗ, ಹೊಸಾದು ನಿಂಗ. ತಾ. ಹಲೋ... ಹಲೋ ಮುನಾಫ... ನೋಡು! ನಿನ್ನ ಸೆಟ್ಟಿನ್ಯಾಗ ನನ್ನ ದನಿ ಬರವಲ್ದು! ನಾ ಹೇಳಲಿಲ್ಲೇನು, ಇದು ಕೆಟ್ಟು...

ಏ, ಬಟನ್ ಬಿಡೋ. ನೀ ಒತ್ತಿ ಹಿಡದೀಯಲ್ಲ. ನೀ ಅದನ್ನ ಬಿಡೋ ತನಕ ನನ್ನ ಮಾತು ನಿನಗ ಬರೂದಿಲ್ಲಪಾ. ಅಷ್ಟೂ... ಅಷ್ಟೂ ತಿಳಿಯೂದಿಲ್ಲೇನು ನಿನಗ...

ಬಿಡು ಮುನಾಫ.

ಹಿಂಗ ಬಟನ್ ಒತ್ತಿ ಹಿಡ್ಕೊಂಡು ನಿಂದ್ರಬ್ಯಾಡ. ಬೈಯಾಂವ ಇದ್ರ ಬೈ. ಬಿಡು...

ಹೂಂ. ಅವತ್ತ ನಾನೂ ಹಿಂಗ ಬಟನ್ ಒತ್ತಿ ಹಿಡದಿದ್ದೆ. ಬೆಂಕಿ ಆರೇತಿ ಅಂತ ತಿಳದಿದ್ದೆ ನಾ. ದಿಬ್ಬದ ಆ ಮಗ್ಗಲಿಗೆ ಜಿಂಕಿ ಹಿಂಡು ನಿಂತಿತ್ತು, ನಲವತ್ತರ ಮ್ಯಾಲೆ. ಮುಂದ ಒಂದು ಕರೇ ಗಂಡು ಜಿಂಕಿ... ಗುಡದಪ್ಪಗ ಸೆಟ್ಟಿನ್ಯಾಗ ಬಿಡಿಸಿ ಹೇಳಾಕತ್ತಿದ್ದೆ. ಕ್ಲಾಸಿನ್ಯಾಗ ಹೇಳಿದಂಗ. ಎಷ್ಟು ದಿನಾ ಆಗಿತ್ತೋ ನನ್ನ ಮಾತು ಯಾರರೆ ಅಷ್ಟೊತ್ತು ಕೇಳಿ! ನಡುವ ಒಬ್ಬರೂ ಬಾಯಿ ಹಾಕಲಿಲ್ಲ, ಮನಸಿಟ್ಟು ಕೇಳಾಕತ್ತಾರ ಅಂತ ಮಾಡಿದ್ದೆ... ಒಂಬತ್ತು ನಿಮಿಷ.

ನಿಮ್ಮಪ್ಪಗ ಎಲ್ಲಾ ಕೇಳಿಸೇತಿ, ಹೌದಲ್ಲೋ? ಆ ಕಾದ ಬೂದ್ಯಾಗ ಓಡುವಾಗ... ಅವನ ಕಿವ್ಯಾಗ ನನ್ನ ಪಾಠ.