ಅಂಬಣ್ಣ ಒಪ್ಪಿಸಿಟ್ಟುಹೋದ ಭಾನುವಾರದ ಮ್ಯಾಚ್

ವೇದಿಕೆಯ ಮೇಲಿರುವ ಹಿರಿಯರೇ, ಅಂಬಣ್ಣನವರ ಪತ್ನಿ ಶಾಂತಕುಮಾರಿ ಅಕ್ಕ, ಮಗಳು ಪ್ರಿಯಾ, ಹಲಸೂರಿನ ಗೆಳೆಯರೇ, ಎದುರು ಟೀಮಿನವರೇ — ಎಲ್ಲರಿಗೂ ನಮಸ್ಕಾರ.

ನಾನು ಕೆಂಪರಾಜ್. ದೊಡ್ಡನೆಕ್ಕುಂದಿಯ ಕಾರ್ಖಾನೆಯಲ್ಲಿ ಅಂಬಣ್ಣನವರ ಪಕ್ಕದ ಲೇತ್ ನನ್ನದು. ನಮ್ಮ ಫುಟ್‌ಬಾಲ್ ಟೀಮಿಗೆ ಅವರೇ ಕ್ಯಾಪ್ಟನ್, ಅವರೇ ಗೋಲ್‌ಕೀಪರ್. ಮೊನ್ನೆ ಮಂಗಳವಾರ ಬೆಳಿಗ್ಗೆ ಎದೆನೋವು ಬಂದು ಹೊರಟೇಹೋದರು. ಅವರ ಬಗ್ಗೆ ಗಂಭೀರವಾಗಿ ಮಾತಾಡಬೇಕೆಂದೇ ಬಂದೆ — ಆದರೆ ಅವರನ್ನು ನೆನೆದರೆ ನಗುವೇ ಮೊದಲು ಬರುತ್ತದೆ. ಅಕ್ಕ ಕ್ಷಮಿಸಬೇಕು.

ಈ ಡಿಸೆಂಬರ್ ನಿಮಗೇ ಗೊತ್ತು. ರಂಜಾನ್ ಉಪವಾಸ, ಅಯ್ಯಪ್ಪನ ವ್ರತ, ಕ್ರಿಸ್ಮಸ್ — ಎಲ್ಲ ಒಂದೇ ತಿಂಗಳಿಗೆ ಬಂದು ಕೂತಿವೆ. ಅವುಗಳ ನಡುವೆ ನಮ್ಮ ಫೈನಲ್ — ಬರುವ ಭಾನುವಾರ, ಸಂಜೆ ನಾಲ್ಕಕ್ಕೆ ಎಂದು ನಿಗದಿಯಾಗಿತ್ತು. ನಮ್ಮ ಫಾರ್ವರ್ಡ್ ಅಹ್ಮದ್ ಪಾಷಾ ರೋಜಾ ಉಪವಾಸದಲ್ಲಿದ್ದಾನೆ. ಬ್ಯಾಕ್ ಆಡುವ ಬೈಲಪ್ಪ ಮಾಲೆ ಹಾಕಿದ್ದಾನೆ — ಬರಿಗಾಲು, ಬೂಟು ಮುಟ್ಟುವಂತಿಲ್ಲ.

"ಆಡ್ತೀನಿ ಬಿಡಣ್ಣ, ಖುದಾ ಇದಾನೆ" ಅಂದ ಪಾಷಾ. "ಅಯ್ಯಪ್ಪ ನೋಡ್ಕೋತಾನೆ" ಅಂದ ಬೈಲಪ್ಪ. ಅಂಬಣ್ಣ ಏನಂದರು ಗೊತ್ತೇ?

"ದೇವ್ರು ನೋಡ್ಕೋತಾನೆ ಸರಿ ಗುರು, ಗೋಲಲ್ಲಿ ನಿಂತಿರೋನು ನಾನಲ್ವಾ? ಮೊದ್ಲು ನಾನೇ ನೋಡ್ಬಿಡ್ತೀನಿ."

ಮಾರನೆಯ ದಿನ ತಾವೇ ರೋಜಾ ಇಟ್ಟರು! ನೀರೂ ಇಲ್ಲ, ಬೀಡಿಯೂ ಇಲ್ಲ. ಸಂಜೆ ಬರಿಗಾಲಲ್ಲಿ ಪ್ರಾಕ್ಟೀಸಿಗೆ ಬಂದರು. ಚೆಂಡು ಹೀಗೆ ಎಡಕ್ಕೆ ಬಂದರೆ — ಇವರು ಹೀಗೆ, ಬಲಕ್ಕೆ! ಕಲ್ಲು ಚುಚ್ಚಿ ಒಂಟಿಕಾಲಲ್ಲಿ ಕುಣಿಯುವಷ್ಟರಲ್ಲಿ ಮತ್ತೊಂದು ಗೋಲು. ಪಾಷಾ ನಕ್ಕೂ ನಕ್ಕೂ ನೆಲಕ್ಕೆ ಕೂತುಬಿಟ್ಟ. ಇಫ್ತಾರಿನ ಖರ್ಜೂರ ಬಾಯಿಗಿಟ್ಟುಕೊಂಡು ಅಂಬಣ್ಣ ಹೇಳಿದರು — "ಆಗಲ್ಲ ಮಗಾ. ಇದು ಮ್ಯಾಚಲ್ಲ, ಶಿಕ್ಷೆ."

ಅಲ್ಲಿಂದ ಹೊರಟಿದ್ದು ಎದುರು ಟೀಮಿನ ಕ್ಯಾಪ್ಟನ್ ಅರುಳ್‌ದಾಸ್ ಅವರ ಮನೆಗೆ. ಜೊತೆಗೆ ನಾನೂ ಇದ್ದೆ.

"ಬೆಳಿಗ್ಗೆ ಏಳಕ್ಕೆ ಆಡೋಣ್ವಾ? ಬೆಳಗಿನ ಜಾವ ಉಂಡಿದ್ದು ಪಾಷಾಗೆ ಹೊಟ್ಟೇಲಿರುತ್ತೆ."

"ಭಾನುವಾರ ಬೆಳಿಗ್ಗೆ ಚರ್ಚ್‌ಗೆ ಹೋಗ್ಬೇಕಲ್ಲಣ್ಣ."

"ಶನಿವಾರ ಸಂಜೇನೂ ಚರ್ಚಲ್ಲಿ ಪೂಜೆ ಇದ್ಯಂತಲ್ಲ, ಅದಕ್ಕೆ ಹೋದ್ರೂ ಸಾಕಂತೆ! ದಾರೀಲಿ ಫಾದರ್ ಸಿಕ್ಕಿದ್ರು, ಕೇಳ್ಬಿಟ್ಟೆ."

ಅರುಳ್‌ದಾಸ್ ಇವರ ಊದಿದ ಕಾಲು ನೋಡಿದರು. ನಕ್ಕರು. "ಸರಿ ಅಣ್ಣ. ಬೈಲಪ್ಪ ಬರಿಗಾಲಲ್ಲಿ ಆಡೋದಾದ್ರೆ ನಾವೂ ಬೂಟ್ ಹಾಕಲ್ಲ."

ಟೂರ್ನಮೆಂಟ್ ಸಮಿತಿಯೂ ಒಪ್ಪಿತು. ಅಂಬಣ್ಣ ಮಗುವಿನಂತೆ ಹಿಗ್ಗಿದರು. ಅದಾಗಿ ವಾರ ಕಳೆಯುವಷ್ಟರಲ್ಲಿ — ಅವರೇ ಇಲ್ಲ.

ನಿನ್ನೆ ಎರಡೂ ಟೀಮಿನವರು ಅಕ್ಕನ ಮುಂದೆ ಕೈಕಟ್ಟಿ ನಿಂತೆವು. "ಮ್ಯಾಚ್ ಮುಂದಕ್ಕೆ ಹಾಕ್ತೀವಿ ಅಕ್ಕ" ಅಂದೆವು. ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡರು.

"ಬೇಡ ಕಣಪ್ಪ. ಎಲ್ರ ದೇವ್ರುಗಳನ್ನೂ ಒಪ್ಸಿ ಟೈಮ್ ಇಟ್ಟು ಹೋಗಿದಾರೆ. ಇನ್ನೊಂದ್ಸಲ ಒಪ್ಸೋಕೆ ಅವ್ರೆಲ್ಲಿದಾರೆ?"

ಆದ್ದರಿಂದ, ಮಹನೀಯರೇ — ಭಾನುವಾರ ಬೆಳಿಗ್ಗೆ ಏಳಕ್ಕೆ ಮ್ಯಾಚ್ ಇದೆ. ಎಲ್ಲರೂ ಬರಬೇಕು. ಗೋಲಿನಲ್ಲಿ ನಾನು ನಿಲ್ಲುತ್ತೇನೆ — ದಯವಿಟ್ಟು ಹೆಚ್ಚಿನ ನಿರೀಕ್ಷೆ ಇಟ್ಟುಕೊಳ್ಳಬೇಡಿ.

ನಮ್ಮ ಅಂಬಣ್ಣ ಮೈದಾನದಲ್ಲಿ ಒಂದು ನಿಮಿಷವೂ ಬಾಯಿ ಮುಚ್ಚಿ ನಿಂತವರಲ್ಲ. ಆ ಒಂದು ನಿಮಿಷ ಇವತ್ತು ಅವರಿಗಾಗಿ ನಾವು ಬಾಯಿ ಮುಚ್ಚಿ ನಿಲ್ಲೋಣ. ಎಲ್ಲರೂ ದಯವಿಟ್ಟು ಎದ್ದೇಳಿ.