ಹಿನ್ನೀರಿನ ಹುಲ್ಲು ಹಿಡಿದು ಬದುಕಿದ ಸಣ್ಣಪ್ಪನವರ ವಿಚಾರ

ಹೆಸರು ಬೋರಕ್ಕ ಕೋಂ ಚಿಕ್ಕತಿಮ್ಮಪ್ಪ, ವಯಸ್ಸು 47 ವರ್ಷ, ಹಸು ಸಾಕಣೆ, ವಾಸ: ಮಾರಿಕಣಿವೆ ಹಿನ್ನೀರಿನ ದಂಡೆ, ಹೊಸದುರ್ಗ ತಾಲ್ಲೂಕು. ನಾನು ಈ ದಿನ ಠಾಣೆಗೆ ಬಂದು ಈ ಮೂಲಕ ತಿಳಿಸುವುದೇನೆಂದರೆ,

ಹಿನ್ನೀರಿನ ಅಂಚಿನಲ್ಲಿ ವರ್ಷವಿಡೀ ನೀರುಹುಲ್ಲು ಬೆಳೆಯುತ್ತದೆ. ಕೊಯ್ದಷ್ಟೂ ಚಿಗುರಿ, ಗೆಣ್ಣುಗೆಣ್ಣಿಗೂ ಬೇರು ಬಿಟ್ಟು, ನೀರಿನ ಮೇಲೆ ಚಾಪೆಯಂತೆ ಹಬ್ಬಿರುತ್ತದೆ. ನಮ್ಮ ಹಸುಗಳಿಗೆ ಅದೇ ಮೇವು. ಈ ದಿನ ಬೆಳಿಗ್ಗೆ ಸುಮಾರು 8 ಗಂಟೆಗೆ ನಾನೂ ಸೊಸೆ ಅನುಸೂಯಳೂ ಅದನ್ನು ಕೊಯ್ಯುತ್ತಿದ್ದೆವು. ನಮ್ಮೂರಿನ ಸಣ್ಣಪ್ಪನವರು ಒಬ್ಬರೇ ತೆಪ್ಪದಲ್ಲಿ ಕೂತು ಮೀನಿನ ಬಲೆ ಎಳೆಯುತ್ತಿದ್ದರು. ಬಲೆ ಬಿಡುವ ಜಾಗಕ್ಕಾಗಿ ಅವರೊಂದಿಗೆ ಹಿಂದಿನ ದಿನ ಜಗಳವಾಡಿದ್ದ ಗಿರೀಶ್ ಎಂಬುವರು ದಂಡೆಯ ಮೇಲೆ, ನಮ್ಮಿಂದ ಸುಮಾರು 50 ಮಾರು ದೂರದಲ್ಲಿದ್ದರು.

ಆಗ ಒಮ್ಮೆಲೇ ಗಾಳಿ ಬೀಸಿ ತೆಪ್ಪ ಮಗುಚಿತು. ಅದರ ಹತ್ತಿರ ಬೇರೆ ಯಾರೂ ಇರಲಿಲ್ಲ. ಸಣ್ಣಪ್ಪನವರಿಗೆ ಈಜು ಬರುತ್ತದೆ, ಆದರೆ ಬಲೆ ಕಾಲಿಗೆ ಸುತ್ತಿಕೊಂಡಿತ್ತು. ಅವರು ಮುಳುಗೇಳುತ್ತ ಹುಲ್ಲಿನ ತುದಿಯನ್ನು ಎರಡೂ ಕೈಯಲ್ಲಿ ಬಾಚಿ ಹಿಡಿದರು. ಹುಲ್ಲು ಜಗ್ಗಿತೇ ಹೊರತು ಕಿತ್ತು ಬರಲಿಲ್ಲ.

ಅನುಸೂಯ ಕೂಗಿದ್ದಕ್ಕೆ ಗಿರೀಶ್ ಓಡಿ ಬಂದರು. ನಿಂತರೆ ಹುಲ್ಲು ಕುಸಿಯುತ್ತದೆ, ಹೊಟ್ಟೆಯ ಮೇಲೆ ತೆವಳಬೇಕೆಂದು ನಾನು ತಿಳಿಸಿದೆ. ಹೊರೆ ಕಟ್ಟುವ ಹಗ್ಗವನ್ನು ಅವರ ಸೊಂಟಕ್ಕೆ ಕಟ್ಟಿ ನಾವಿಬ್ಬರೂ ಹಿಡಿದುಕೊಂಡೆವು. ಅವರು ನನ್ನ ಕುಡುಗೋಲನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಹೋದರು. ಅಷ್ಟರಲ್ಲಿ ಸಣ್ಣಪ್ಪನವರ ತಲೆ ನೀರಿನೊಳಗೆ ಹೋಯಿತು. ನಾವು ಹಗ್ಗ ಬಿಡಲಿಲ್ಲ. ಗಿರೀಶ್ ನೀರಿಗಿಳಿದು ಬಲೆ ಕೊಯ್ದು, "ಎಳೀರಿ ಬೋರಕ್ಕ, ಎಳೀರಿ, ಉಸಿರೈತೆ!" ಎಂದು ಕೂಗಿದರು. ಎಳೆದೆವು. ಇಬ್ಬರೂ ಹುಲ್ಲಿನ ಮೇಲೆ ಜಾರಿಕೊಂಡು ದಂಡೆಗೆ ಬಂದರು. ಸಣ್ಣಪ್ಪನವರು ನೀರು ಕಕ್ಕಿ ಕಣ್ಣು ಬಿಟ್ಟಾಗ ಅನುಸೂಯ ಕುಣಿದುಬಿಟ್ಟಳು. ನಾನು ಅತ್ತೆಯೆಂಬುದನ್ನು ಮರೆತು ಅವಳನ್ನು ತಬ್ಬಿಕೊಂಡೆ.

ಆಮೇಲೆ ಬಂದ ಜನ, ಜಗಳದ ವಿಷಯ ಗೊತ್ತಿದ್ದರಿಂದ, ಗಿರೀಶ್‌ರವರ ಕೈಯಲ್ಲಿ ಕುಡುಗೋಲು ನೋಡಿ, ಅವರೇ ಕೊಲ್ಲಲು ಹೋಗಿದ್ದರೆಂದು ಹೊಡೆದು ಇಲ್ಲಿಗೆ ತಂದರು. ಸಣ್ಣಪ್ಪನವರಿಗೆ ಮಾತಾಡಲು ಶಕ್ತಿಯಿರಲಿಲ್ಲ, ಅವರನ್ನು ಆಸ್ಪತ್ರೆಗೆ ಸಾಗಿಸಿದರು. ಗದ್ದಲದಲ್ಲಿ ನನ್ನ ಮಾತನ್ನು ಯಾರೂ ಕೇಳಲಿಲ್ಲ. ಆದ್ದರಿಂದ ಒದ್ದೆ ಸೀರೆಯಲ್ಲೇ ಬಸ್ ಹತ್ತಿ ಬಂದಿದ್ದೇನೆ.

ಇದನ್ನು ಬರೆಸುತ್ತಿರುವಾಗಲೇ ಸಣ್ಣಪ್ಪನವರ ಹೆಂಡತಿ ವೀರಮ್ಮ ಆಸ್ಪತ್ರೆಯಿಂದ ಓಡಿ ಬಂದು, ಗಂಡ ಮಾತಾಡಿದರೆಂದೂ, ಗಿರೀಶ್ ಬಾರದಿದ್ದರೆ ತಾನು ಉಳಿಯುತ್ತಿರಲಿಲ್ಲವೆಂದು ಹೇಳಿದರೆಂದೂ ತಿಳಿಸಿರುತ್ತಾರೆ. ನಂತರ ಗಿರೀಶ್‌ರವರ ಪಕ್ಕ ಬೆಂಚಿನ ಮೇಲೆ ಕೂತು, ಅವರ ತುಟಿಯ ರಕ್ತವನ್ನು ತಮ್ಮ ಸೆರಗಿನಿಂದ ಒರೆಸಿರುತ್ತಾರೆ.

ಮೇಲೆ ಬರೆಸಿದ್ದೆಲ್ಲ ನಾನು ಕಣ್ಣಾರೆ ಕಂಡದ್ದು. ಓದಿಸಿ ಕೇಳಿದ್ದೇನೆ, ಸತ್ಯವಾಗಿರುತ್ತದೆ.

ಸ್ಥಳ: ಹೊಸದುರ್ಗ
ದಿನಾಂಕ: 14-11-2024
ಸಹಿ: ಬೋರಕ್ಕ